ಗೆಲ್ಲುವವರು ಯಾರು? ಲೀಡ್ ಎಷ್ಟು?

ಬೀಗ ಹಾಕಿದ ಬಾಗಿಲಿನ ಮುಂದೆ ಕಾಯುವುದು ಹಾಸನದ ಜನಕ್ಕೆ ಹೊಸದಲ್ಲ. ಊರ ದೇವತೆಯಾದ ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ ಮಾತ್ರ ತೆರೆಯುತ್ತದೆ. ಆದರೆ 2024ರ ಬೇಸಿಗೆಯಲ್ಲಿ ಜಿಲ್ಲೆಯ ಜನ ಕಾದದ್ದು ಇನ್ನೊಂದು ಬಾಗಿಲಿನ ಮುಂದೆ. ಏಪ್ರಿಲ್ 26ರಂದು ಲೋಕಸಭೆಗೆ ಮತದಾನ ಮುಗಿಯಿತು. ಮತಯಂತ್ರಗಳು ಭದ್ರಕೋಣೆ ಸೇರಿದವು. ಎಣಿಕೆ ಜೂನ್ 4ಕ್ಕೆ. ನಡುವೆ ಮೂವತ್ತೊಂಬತ್ತು ದಿನಗಳು! ಯಾರು ಏನು ಮಾಡಿದರೂ ಒಂದು ಮತವೂ ಅತ್ತಿತ್ತ ಸರಿಯಲಾರದಂಥ ಇಂಥ ಅವಧಿಯಲ್ಲಿಯೇ ಭವಿಷ್ಯ ನುಡಿಯುವವರ ಉತ್ಸಾಹ ಏರುವುದು ಒಂದು ಸೋಜಿಗ.

ಹಳೆಯ ಮೈಸೂರು ಸೀಮೆಯಲ್ಲಿ ಚುನಾವಣೆ ಎಂದರೆ ಪಣವೂ ಉಂಟು. ನಗದು ಹಣದಿಂದ ಹಿಡಿದು ಕುರಿ, ಬೈಕು, ಟ್ರಾಕ್ಟರು, ಕೊನೆಗೆ ಜಮೀನಿನ ತುಂಡು ಸಹ ಮಾತಿನ ಭರದಲ್ಲಿ ಪಣಕ್ಕೆ ಬಿದ್ದ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ಜೂಜು 1963ರ ಕರ್ನಾಟಕ ಪೊಲೀಸ್ ಕಾಯಿದೆಯಂತೆ ಅಪರಾಧ. ಅದು ಸಾಲದೆಂಬಂತೆ 1872ರ ಕರಾರು ಕಾಯಿದೆಯ 30ನೆಯ ಕಲಮು ಪಣದ ಒಪ್ಪಂದವನ್ನು ಅಸಿಂಧುವೆಂದು ಸಾರಿದೆ. ಸೋತವನು ಕೊಡದಿದ್ದರೆ ಗೆದ್ದವನು ಯಾವ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತುವಂತಿಲ್ಲ. ಆದಕಾರಣ ಇಬ್ಬರಿಗೂ ಬೇಕಾದ ಮೂರನೆಯವನೊಬ್ಬನ ಕೈಯಲ್ಲಿ ಗಂಟು ಇರಬೇಕು. ಕಾನೂನು ಕೈಬಿಟ್ಟಲ್ಲಿ ಊರ ಮರ್ಯಾದೆಯೇ ಜಾಮೀನು.

ಪಣದ ಬಗೆಗಳಲ್ಲಿ ವಿಚಾರಾರ್ಹವಾದದ್ದು ‘ಲೀಡ್’ ಪಣ. ಒಬ್ಬ ಅಭ್ಯರ್ಥಿ ಗೆಲ್ಲುವುದು ಖಚಿತವೆಂದು ಎಲ್ಲರೂ ನಂಬಿದರೆ ಎದುರು ಪಣ ಕಟ್ಟುವವರೇ ಇರುವುದಿಲ್ಲ. ಆಗ ಪ್ರಶ್ನೆ ‘ಗೆಲ್ಲುತ್ತಾರೆಯೇ’ ಎಂಬಲ್ಲಿಂದ ‘ಎಷ್ಟು ಮತಗಳಿಂದ’ ಎಂಬಲ್ಲಿಗೆ ಜಾರುತ್ತದೆ. ಸಾವಿರಾರು ಮೈಲಿಗಳಾಚೆ ಅಮೆರಿಕದ ಜನರೂ ತಮ್ಮ ಫುಟ್‌ಬಾಲ್ ಪಂದ್ಯಗಳಿಗೆ ಇದೇ ಉಪಾಯವನ್ನು ಕಂಡುಕೊಂಡಿದ್ದಾರೆ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಓಡುವ ಆ ಆಟಕ್ಕೆ ಫುಟ್‌ಬಾಲ್ ಎಂಬ ಹೆಸರೇಕೆ ಎಂಬುದು ಬೇರೆ ಮಾತು. ಅಲ್ಲಿ ಬಲಿಷ್ಠ ತಂಡವು ಇಂತಿಷ್ಟು ಅಂಕಗಳಿಗಿಂತ ಹೆಚ್ಚಿನ ಅಂತರದಿಂದ ಗೆದ್ದರೆ ಮಾತ್ರ ಅದರ ಕಡೆ ಪಣ ಕಟ್ಟಿದವನಿಗೆ ಹಣ. ಗೆದ್ದೂ ಸೋಲುವ ವಿಚಿತ್ರ ಇದು!

ಹೊಳೆನರಸೀಪುರದಲ್ಲಿ 2018ರಲ್ಲಿ ಎಚ್.ಡಿ. ರೇವಣ್ಣನವರು 43 ಸಾವಿರಕ್ಕೂ ಮಿಕ್ಕಿದ ಅಂತರದಿಂದ ವಿಧಾನಸಭೆಗೆ ಗೆದ್ದರು. ಐದು ವರ್ಷಗಳ ತರುವಾಯ, 2023ರಲ್ಲಿ, ಅದೇ ರೇವಣ್ಣನವರು ಕಾಂಗ್ರೆಸ್ಸಿನ ಶ್ರೇಯಸ್ ಪಟೇಲರನ್ನು ಸೋಲಿಸಿದ್ದು ಕೇವಲ 3,152 ಮತಗಳಿಂದ. ಹಳೆಯ ಲೀಡನ್ನು ನಂಬಿ ‘ಇಪ್ಪತ್ತು ಸಾವಿರಕ್ಕೆ ಕಡಿಮೆಯಿಲ್ಲ’ ಎಂದು ಪಣ ಕಟ್ಟುವವನ ಗತಿಯನ್ನು ಊಹಿಸಬಹುದು. ಅವನ ಅಭ್ಯರ್ಥಿ ವಿಜಯದ ಹಾರ ಧರಿಸಿ ಮೆರವಣಿಗೆ ಹೊರಟಿರುತ್ತಾನೆ. ಇವನು ಮಾತ್ರ ಕೊಟ್ಟಿಗೆಯಿಂದ ಕುರಿ ಬಿಚ್ಚಬೇಕು.

ಈ ಸೀಮೆಯ ಇತಿಹಾಸವೇ ಭವಿಷ್ಯಕಾರರನ್ನು ಪದೇಪದೇ ಮುಗ್ಗರಿಸಿದೆ. ಹರದನಹಳ್ಳಿಯ ಎಚ್.ಡಿ. ದೇವೇಗೌಡರು 1962ರಲ್ಲಿ ಪಕ್ಷೇತರರಾಗಿ ನಿಂತು ಹೊಳೆನರಸೀಪುರದಿಂದ ಗೆದ್ದರು. ಅಲ್ಲಿಂದ ಒಂದರ ಮೇಲೊಂದರಂತೆ ಆರು ಗೆಲುವುಗಳು. ಅಂಥ ಕೋಟೆ ಬೀಳುವುದೆಂದು ಹೇಳುವ ಧೈರ್ಯ ಯಾರಿಗಿದ್ದೀತು? 1989ರಲ್ಲಿ ಜಿ. ಪುಟ್ಟಸ್ವಾಮಿಗೌಡರು ಅದನ್ನು ಕೆಡವಿದರು. ದೇವೇಗೌಡರು ಮತ್ತೆ ಮೇಲೆದ್ದು ಮುಖ್ಯಮಂತ್ರಿಯಾದರು. 1996ರ ಜೂನ್‌ನಲ್ಲಿ ದೇಶದ ಪ್ರಧಾನಿಯೇ ಆದರು. ಪ್ರಧಾನಿಯಾಗಿದ್ದವರನ್ನು ಸ್ವಂತ ಜಿಲ್ಲೆ ಕೈಬಿಟ್ಟೀತೆ? 1999ರಲ್ಲಿ ಹಾಸನ ಲೋಕಸಭಾ ಕ್ಷೇತ್ರದಲ್ಲಿ ಅದೇ ಪುಟ್ಟಸ್ವಾಮಿಗೌಡರು ಅವರನ್ನು ಮತ್ತೊಮ್ಮೆ ಸೋಲಿಸಿದರು. ಇಪ್ಪತ್ತೈದು ವರ್ಷಗಳು ಉರುಳಿದವು. 2024ರ ಜೂನ್ 4ರಂದು ಭದ್ರಕೋಣೆಯ ಬಾಗಿಲು ತೆರೆದಾಗ ಪುಟ್ಟಸ್ವಾಮಿಗೌಡರ ಮೊಮ್ಮಗ ಶ್ರೇಯಸ್ ಪಟೇಲರು ದೇವೇಗೌಡರ ಮೊಮ್ಮಗ ಪ್ರಜ್ವಲ್ ರೇವಣ್ಣನವರನ್ನು 42,649 ಮತಗಳಿಂದ ಸೋಲಿಸಿದ್ದರು. ಧಾರಾವಾಹಿ ಕಾದಂಬರಿಯಲ್ಲಿ ಇಂಥ ಕಥೆ ಬಂದರೆ ಕಾಕತಾಳೀಯ ಅತಿಯಾಯಿತೆಂದು ವಾಚಕರು ಆಕ್ಷೇಪಿಸಿಯಾರು.

ಅರಕಲಗೂಡಿನ ಲೆಕ್ಕ ಇನ್ನೊಂದು ಬಗೆ. ಅಲ್ಲಿ ಎ. ಮಂಜು ಅವರು 1999ರಲ್ಲಿ ಭಾರತೀಯ ಜನತಾ ಪಕ್ಷದಿಂದಲೂ, 2008 ಮತ್ತು 2013ರಲ್ಲಿ ಕಾಂಗ್ರೆಸ್ಸಿನಿಂದಲೂ, 2023ರಲ್ಲಿ ಜನತಾದಳದಿಂದಲೂ ಗೆದ್ದವರು. ನಡುವೆ 2018ರಲ್ಲಿ ಅವರನ್ನು ಸೋಲಿಸಿದ್ದು ಅದೇ ಜನತಾದಳದ ಎ.ಟಿ. ರಾಮಸ್ವಾಮಿ. ಪಕ್ಷದ ಚಿಹ್ನೆ ನೋಡಿ ಭವಿಷ್ಯ ನುಡಿಯುವವನಿಗೆ ಅರಕಲಗೂಡು ಕೈಕೊಡುತ್ತದೆ. ಚನ್ನರಾಯಪಟ್ಟಣದವರು ಮತ ಹಾಕುವ ಶ್ರವಣಬೆಳಗೊಳ ಕ್ಷೇತ್ರದಲ್ಲಾದರೋ ಸಿ.ಎನ್. ಬಾಲಕೃಷ್ಣ 2013, 2018, 2023 ಮೂರು ಬಾರಿಯೂ ಗೆದ್ದರು. ಅಲ್ಲಿ ಪಣಕ್ಕೆ ಸ್ವಾರಸ್ಯ ಕಡಿಮೆ. ಹಾಸನ ಪಟ್ಟಣ 2018ರಲ್ಲಿ ಎಚ್.ಎಸ್. ಪ್ರಕಾಶರನ್ನು ಬಿಟ್ಟು ಪ್ರೀತಂ ಗೌಡರನ್ನು ಆರಿಸಿತು; 2023ರಲ್ಲಿ ಪ್ರೀತಂ ಗೌಡರನ್ನು ಬಿಟ್ಟು ಪ್ರಕಾಶರ ಮಗ ಸ್ವರೂಪರನ್ನು ಆರಿಸಿತು.

ಹಾಗಾದರೆ ಈ ಭವಿಷ್ಯವೆಲ್ಲ ಬರಿಯ ಬಾಯಿಮಾತೇ? ಅಲ್ಲ. ಜಾಣ ಲೆಕ್ಕಿಗನು ಮತಗಟ್ಟೆಗಳಿಂದ ತೊಡಗುತ್ತಾನೆ. ಯಾವ ಹಳ್ಳಿಯಲ್ಲಿ ಕಳೆದ ಬಾರಿ ಯಾರಿಗೆಷ್ಟು, ಈ ಸಲ ಮತದಾನ ಏರಿತೋ ಇಳಿಯಿತೋ, ಯಾವ ಮುಖಂಡ ಮುನಿಸಿಕೊಂಡ, ಬೆಂಗಳೂರಿಗೆ ಹೋದ ಹುಡುಗರು ಮತ ಹಾಕಲು ಬಂದರೋ ಇಲ್ಲವೋ — ಎಲ್ಲವನ್ನೂ ಕೂಡಿ ಕಳೆಯುತ್ತಾನೆ. ತಪ್ಪು ನುಸುಳುವುದು ಎರಡು ಕಡೆ. ಒಂದು, ತನ್ನ ಬೀದಿಯನ್ನೇ ಕ್ಷೇತ್ರವೆಂದು ಬಗೆಯುವುದು. ಕಡೂರಿನಿಂದ ಸಕಲೇಶಪುರದವರೆಗೆ ಎಂಟು ವಿಧಾನಸಭಾ ಕ್ಷೇತ್ರಗಳನ್ನೊಳಗೊಂಡ ಹಾಸನ ಲೋಕಸಭಾ ಕ್ಷೇತ್ರವನ್ನು ಒಂದು ಅರಳಿಕಟ್ಟೆಯಿಂದ ಕಾಣುವುದು ಅಸಾಧ್ಯ. ಮತ್ತೊಂದು, ಮತದಾರನ ಮೌನ. ಬಲಿಷ್ಠರ ವಿರುದ್ಧ ಮತ ಹಾಕಿದವನು ಅದನ್ನು ಚಹದ ಅಂಗಡಿಯಲ್ಲಿ ಸಾರುವುದಿಲ್ಲ. ಹಣವಂತ ಸಮೀಕ್ಷಕರೂ ಇದರಿಂದ ಪಾರಾಗಿಲ್ಲ: 2024ರಲ್ಲಿ ಹೆಚ್ಚಿನ ಮತಗಟ್ಟೆ ಸಮೀಕ್ಷೆಗಳು ಆಳುವ ಕೂಟಕ್ಕೆ 350ಕ್ಕೂ ಹೆಚ್ಚು ಸ್ಥಾನ ಕೊಟ್ಟವು, ಬಂದದ್ದು 293.

ಅಮೆರಿಕದ ಆಟದ ಪಂಡಿತರಿಗೆ ಒಂದು ಅನುಕೂಲವಿದೆ. ಅಲ್ಲಿನ 32 ತಂಡಗಳು ಒಂದು ಋತುವಿನಲ್ಲಿ 272 ಪಂದ್ಯಗಳನ್ನು ಆಡುತ್ತವೆ. ಚದುರಂಗದ ಆಟಗಾರರಿಗೆಂದು ಅರ್ಪಾದ್ ಎಲೊ ಎಂಬ ಭೌತಶಾಸ್ತ್ರಜ್ಞ ರೂಪಿಸಿದ ಅಂಕಗಣನೆಯನ್ನು ಈ ತಂಡಗಳಿಗೂ ಅನ್ವಯಿಸಿ, ಪ್ರತಿ ವಾರದ ಫಲಿತಾಂಶದಿಂದ ತಿದ್ದುತ್ತ ಹೋಗುತ್ತಾರೆ. ಇಷ್ಟೆಲ್ಲ ಮಾಡಿದರೂ ಸರಿಸುಮಾರು ಮೂರರಲ್ಲಿ ಎರಡು ಪಂದ್ಯಗಳ ಭವಿಷ್ಯವಷ್ಟೇ ಸರಿಯಾಗುವುದು. 1969ರ ಜನವರಿಯ ಮಹಾಪಂದ್ಯದಲ್ಲಿ ಬಾಲ್ಟಿಮೋರ್ ತಂಡ 18 ಅಂಕಗಳಿಂದ ಗೆಲ್ಲುವುದೆಂದು ಪಣದ ಪೇಟೆ ನಂಬಿತ್ತು. ನ್ಯೂಯಾರ್ಕ್ ಜೆಟ್ಸ್ ತಂಡದ ಜೋ ನೇಮತ್ ಮಾತ್ರ ಗೆಲುವು ತಮ್ಮದೆಂದು ಮೊದಲೇ ಖಾತರಿ ಕೊಟ್ಟ; 16-7ರಿಂದ ಗೆದ್ದೂ ತೋರಿಸಿದ. ಹೊಳೆನರಸೀಪುರದ ಲೆಕ್ಕಿಗನಿಗಾದರೋ ವಿಧಾನಸಭೆಯ ಪಂದ್ಯ ಐದು ವರ್ಷಕ್ಕೊಂದೇ. ತನ್ನ ವಿದ್ಯೆಯನ್ನು ತಿದ್ದಿಕೊಳ್ಳಲು ಅವನಿಗೆ ಆಯುಷ್ಯವೇ ಸಾಲದು.

ಎಣಿಕೆಯ ದಿನ ಸುತ್ತು ಸುತ್ತಿಗೆ ಅಂಕಿಗಳು ಹೊರಬೀಳುತ್ತವೆ. ಮೂರನೆಯವನ ಕೈಯ ಗಂಟು ಬಿಚ್ಚುತ್ತದೆ. ಕೆಲದಿನಗಳಲ್ಲಿ ಚುನಾವಣಾಧಿಕಾರಿಗಳು 20ನೆಯ ನಮೂನೆಯಲ್ಲಿ ಮತಗಟ್ಟೆವಾರು ಲೆಕ್ಕವನ್ನು ಪ್ರಕಟಿಸುತ್ತಾರೆ. ಗೆದ್ದವನೂ ಸೋತವನೂ ಮೊದಲು ಹುಡುಕುವುದು ತಮ್ಮ ಹಳ್ಳಿಯ ಸಾಲನ್ನು. ತಮ್ಮದೇ ಊರಿನಲ್ಲಿ ಮಾತು ಕೊಟ್ಟೂ ಮತ ಕೊಡದವರು ಎಷ್ಟು ಮಂದಿ ಎಂಬುದು ಆಗ ತಿಳಿಯುತ್ತದೆ. ಯಾರು ಯಾರೆಂಬುದು ಮಾತ್ರ ತಿಳಿಯುವುದಿಲ್ಲ.