ಗಂಜಿ ಬೇಗ ಇಳಿಯುತ್ತದೆ, ಗೋಳಿಬಜೆ ಯಾಕೆ ಇಳಿಯುವುದಿಲ್ಲ?

ಬಜಗೋಳಿ ಪೇಟೆಯಲ್ಲಿ ರಸ್ತೆ ಕವಲೊಡೆಯುತ್ತದೆ. ಒಂದು ಮಾಳದ ಮೇಲಾಗಿ ಘಟ್ಟ ಹತ್ತಿ ಕುದುರೆಮುಖದ ಕಡೆಗೆ, ಇನ್ನೊಂದು ನಾರಾವಿಯ ದಾರಿಯಾಗಿ ಧರ್ಮಸ್ಥಳಕ್ಕೆ. ಇಲ್ಲಿ ಬಸ್ಸು ಕಾಯುತ್ತ ಒಂದು ಪ್ಲೇಟು ಗೋಳಿಬಜೆ ತಿಂದವರಿಗೆ ಮಧ್ಯಾಹ್ನದ ಊಟವೇ ಬೇಡವೆನಿಸುತ್ತದೆ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಉಂಡು ತೋಟಕ್ಕೆ ಇಳಿದವರಿಗೋ ಹನ್ನೊಂದಾಗುವ ಮೊದಲೇ ‘ಬಡವಾಪುಂಡು’, ಅಂದರೆ ತುಳುವಿನಲ್ಲಿ ಹಸಿವಾಗುತ್ತದೆ. ಗಂಜಿ ನೀರಾದ್ದರಿಂದ ಬೇಗ ಇಳಿಯುತ್ತದೆ, ನಿಜ. ಬಜೆಯನ್ನು ತಡೆದು ನಿಲ್ಲಿಸುವುದು ಮಾತ್ರ ಅದರೊಳಗಿನ ಎಣ್ಣೆ. ಆ ಎಣ್ಣೆಯನ್ನು ಮುಖ್ಯವಾಗಿ ಪತ್ತೆ ಹಚ್ಚುವುದು ಜಠರದ ಕೆಳಗಿರುವ ಸಣ್ಣಕರುಳು.

ಜಠರವೆಂದರೆ ಕಡೆಯುವ ಕಲ್ಲು. ಅದರ ಸ್ನಾಯುಗಳು ನಿಮಿಷಕ್ಕೆ ಸುಮಾರು 3 ಸಲ, ಮೇಲಿನಿಂದ ಕೆಳಕ್ಕೆ ಅಲೆಯಂತೆ ಹಿಂಡುತ್ತವೆ. ಈ ತಾಳ ಹಾಕುವುದು ಸ್ನಾಯುಗಳ ನಡುವೆ ಕೂತ ವಿಶೇಷ ಕೋಶಗಳು. ಸ್ಪೇನಿನ ವಿಜ್ಞಾನಿ ಕಹಾಲ್ ಹೆಸರಿನಿಂದಲೇ ಅವನ್ನು ಕರೆಯುತ್ತಾರೆ. ತಾಳ ಹೆಚ್ಚುಕಡಿಮೆ ಒಂದೇ. ಎಷ್ಟು ಬಲವಾಗಿ ಒತ್ತಬೇಕು, ತುದಿಯ ಬಾಗಿಲನ್ನು ಎಷ್ಟು ತೆರೆಯಬೇಕು ಎಂಬುದನ್ನು ನರ ಮತ್ತು ಹಾರ್ಮೋನುಗಳು ಸೇರಿ ತೀರ್ಮಾನಿಸುತ್ತವೆ. ಒಂದೆರಡು ಮಿಲಿಮೀಟರಿಗಿಂತ ದಪ್ಪದ ತುಣುಕು ಬಂದರೆ ಆ ಬಾಗಿಲು ಅದನ್ನು ವಾಪಸು ಅರೆಯಲು ಕಳಿಸುತ್ತದೆ.

ಎಣ್ಣೆಯ ಅಂಶ ಸಣ್ಣಕರುಳಿಗೆ ಇಳಿದೊಡನೆ ಅಲ್ಲಿನ ಗೋಡೆಯ ಕೋಶಗಳು ಕೊಲಿಸಿಸ್ಟೊಕೈನಿನ್ ಎಂಬ ಹಾರ್ಮೋನನ್ನು ಸುರಿಸುತ್ತವೆ. ಪಕ್ಕದಲ್ಲೇ ವೇಗಸ್ ನರದ ಎಳೆಗಳ ತುದಿಗಳಿವೆ. ಹಾರ್ಮೋನು ತಾಗಿದಾಗ ಎಳೆ ಮಿಡಿಯುತ್ತದೆ, ಸಂಕೇತ ಮಿದುಳಿನ ಬುಡಕ್ಕೆ ಏರುತ್ತದೆ, ಅಲ್ಲಿಂದ ಅದೇ ನರದ ಬೇರೆ ಎಳೆಗಳಲ್ಲಿ ಉತ್ತರ ಇಳಿಯುತ್ತದೆ: ಜಠರದ ಮೇಲ್ಭಾಗ ಸಡಿಲಾಗಲಿ, ಬಾಗಿಲು ಬಿಗಿಯಾಗಲಿ. ಕರುಳಿಗೆ ಕೊಬ್ಬು ಕರಗಿಸಲು ಸಮಯ ಬೇಕು, ಅದಕ್ಕೇ ಈ ತಡೆ. ವೇಗಸ್ ನರದ ಎಳೆಗಳಲ್ಲಿ ಬಹುಪಾಲು ಹೊಟ್ಟೆಯ ಸುದ್ದಿಯನ್ನು ಮೇಲಕ್ಕೆ ಒಯ್ಯುವಂಥವೇ.

ಇಂಥ ಹಾರ್ಮೋನುಗಳ ಸುಳಿವು ಸಿಕ್ಕಿದ್ದು ನರ ಕತ್ತರಿಸಿದ ಪ್ರಯೋಗವೊಂದರಲ್ಲಿ. 1902ರಲ್ಲಿ ಲಂಡನ್ನಿನ ಶರೀರವಿಜ್ಞಾನಿಗಳಾದ ಬೇಲಿಸ್ ಮತ್ತು ಸ್ಟಾರ್ಲಿಂಗ್ ನಾಯಿಯೊಂದರ ಕರುಳಿನ ತುಂಡಿಗೆ ಹೋಗುವ ನರಗಳನ್ನು ಕತ್ತರಿಸಿ ಅಲ್ಲಿ ಆಮ್ಲ ಹಾಕಿದರು. ಆದರೂ ಮೇದೋಜೀರಕ ಗ್ರಂಥಿ ರಸ ಸುರಿಸಿತು. ರಕ್ತದಲ್ಲಿ ಹೋಗುವ ದೂತನೊಬ್ಬನಿದ್ದಾನೆಂದು ಸಿದ್ಧವಾಯಿತು. ‘ಹಾರ್ಮೋನ್’ ಎಂಬ ಪದ 1905ರಲ್ಲಿ ಸ್ಟಾರ್ಲಿಂಗ್ ಬಾಯಿಂದ ಬಂತು. ನರವಿಲ್ಲದೆಯೂ ಕೆಲಸ ಮಾಡುತ್ತದೆಂದೇ ಪತ್ತೆಯಾದ ಹಾರ್ಮೋನು ಹೊಟ್ಟೆಯ ವಿಷಯದಲ್ಲಿ ನರದ ಹೆಗಲೇರಿಯೇ ಎಷ್ಟೋ ಕೆಲಸ ಮಾಡುತ್ತದೆ ಎಂಬುದು ನನಗೆ ಇಡೀ ಕಥೆಯ ಅತಿ ಚಂದದ ತಿರುವು.

ಹೊಟ್ಟೆ ಬರಿದಾದಾಗ ಸರದಿ ಮತ್ತೊಂದು ಹಾರ್ಮೋನಾದ ಮೋಟಿಲಿನ್‌ದು. ಸುಮಾರು ಒಂದೂವರೆ-ಎರಡು ಗಂಟೆಗೊಮ್ಮೆ ಅದು ನರಗಳನ್ನು ಎಬ್ಬಿಸಿ, ಜಠರದಿಂದ ಕೆಳಕ್ಕೆ ಗುಡಿಸುವ ಬಲವಾದ ಅಲೆಯೊಂದನ್ನು ಹೊರಡಿಸುತ್ತದೆ. ಉಳಿದ ನಾರು, ಚೂರುಗಳೆಲ್ಲ ಮುಂದಕ್ಕೆ ಹೋಗುತ್ತವೆ. ಹಸಿದ ಹೊಟ್ಟೆ ಗುರುಗುಟ್ಟುವುದು ಹೆಚ್ಚಾಗಿ ಈ ಹೊತ್ತಿನಲ್ಲಿ; ಉಂಡರೆ ಗುಡಿಸುವ ಕೆಲಸ ನಿಲ್ಲುತ್ತದೆ. ಎರಿತ್ರೊಮೈಸಿನ್ ಮಾತ್ರೆ ನುಂಗಿದ ಕೆಲವರಿಗೆ ಹೊಟ್ಟೆ ಹಿಂಡಿದಂತಾಗುತ್ತದಲ್ಲ, ಆ ಔಷಧಿ ಮೋಟಿಲಿನ್‌ನ ಬೀಗಕ್ಕೇ ಹೊಂದುವ ಕೀಲಿ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಜಿಎಲ್‌ಪಿ-1 ಎಂಬ ಇನ್ನೊಂದು ಕರುಳಿನ ಹಾರ್ಮೋನನ್ನು ಅನುಕರಿಸುವ ವಾರಕ್ಕೊಮ್ಮೆಯ ಇಂಜೆಕ್ಷನ್ನುಗಳನ್ನು ಸಕ್ಕರೆ ಕಾಯಿಲೆಗೆ, ತೂಕ ಇಳಿಸಲು ನಮ್ಮ ಊರುಗಳಲ್ಲೂ ತೆಗೆದುಕೊಳ್ಳತೊಡಗಿದ್ದಾರೆ. ಟಿರ್ಜೆಪಟೈಡ್, ಸೆಮಗ್ಲುಟೈಡ್ ಇಂಜೆಕ್ಷನ್ನುಗಳು ಭಾರತದ ಮಾರುಕಟ್ಟೆಗೆ ಬಂದದ್ದು 2025ರಲ್ಲಿ. ಅವು ಹಸಿವನ್ನು ತಗ್ಗಿಸುತ್ತವೆ, ಜಠರ ಖಾಲಿಯಾಗುವುದನ್ನು ನಿಧಾನಿಸುತ್ತವೆ. ಹಳೆಯ ಸಕ್ಕರೆ ಕಾಯಿಲೆಯಿಂದ ವೇಗಸ್ ನರ ಸೊರಗಿದವರಲ್ಲಂತೂ ಹೊಟ್ಟೆ ಮೊದಲೇ ನಿಧಾನ. ರಾತ್ರಿಯಿಡೀ ಉಪವಾಸವಿದ್ದರೂ ಒಳಗೆ ಆಹಾರ ಉಳಿದಿರಬಹುದು. ಅರಿವಳಿಕೆಯ ಹೊತ್ತಿಗೆ ಅದು ಮೇಲೆ ಬಂದು ಶ್ವಾಸಕೋಶ ಸೇರಿದರೆ ಜೀವಕ್ಕೇ ಅಪಾಯ. ಮಣಿಪಾಲಕ್ಕೋ ಕಾರ್ಕಳಕ್ಕೋ ಶಸ್ತ್ರಚಿಕಿತ್ಸೆಗೆಂದು ಹೊರಟಿದ್ದೀರಾದರೆ, ಈ ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವ ವಿಷಯವನ್ನು, ಕೊನೆಯದಾಗಿ ಯಾವ ದಿನ ಚುಚ್ಚಿಸಿಕೊಂಡಿರೆಂಬುದನ್ನೂ ಅರಿವಳಿಕೆ ವೈದ್ಯರಿಗೆ ಮರೆಯದೆ ಹೇಳಿ.