ಗ್ವಾಂ ದ್ವೀಪದ ಸೈನಿಕ ಕಟ್ಟಡಗಳೂ ಕೆಲಸಗಾರರ ನೇಮಕದ ವರದಿಯೂ

ಶಾಂತಸಾಗರದ ಪಶ್ಚಿಮಭಾಗದಲ್ಲಿ, ಮರಿಯಾನಾ ದ್ವೀಪಸ್ತೋಮದ ದಕ್ಷಿಣದ ತುದಿಯಲ್ಲಿ, ಗ್ವಾಂ ಎಂಬ ದ್ವೀಪವಿರುವುದು. ಇದರ ವಿಸ್ತೀರ್ಣವು ಸುಮಾರು ೫೪೦ ಚದರ ಕಿಲೋಮೀಟರು. ೨೦೨೦ರ ಜನಗಣತಿಯ ಪ್ರಕಾರ ಜನಸಂಖ್ಯೆಯು ೧,೫೩,೮೩೬. ೧೮೯೮ರಲ್ಲಿ ಇದು ಸ್ಪೇನಿನಿಂದ ಅಮೆರಿಕಾ ಸಂಯುಕ್ತಸಂಸ್ಥಾನಗಳ ವಶಕ್ಕೆ ಬಂದಿತು. ೧೯೪೧ರ ಡಿಸೆಂಬರಿನಿಂದ ೧೯೪೪ರ ವರೆಗೆ ಜಪಾನಿನ ಸೈನ್ಯದ ಅಧೀನದಲ್ಲಿದ್ದಿತು. ೧೯೫೦ರ ಶಾಸನದಿಂದ ಇಲ್ಲಿಯ ನಿವಾಸಿಗಳು ಅಮೆರಿಕಾದ ಪೌರರೆನಿಸಿದರು.

ಇಷ್ಟು ಚಿಕ್ಕ ದ್ವೀಪದಲ್ಲಿ ದೊಡ್ಡ ಸೈನಿಕ ನೆಲೆಗಳನ್ನು ಕಟ್ಟಬೇಕಾದಾಗ ಕೆಲಸದ ಕೈಗಳು ಸಾಲದೆ ಬರುವುದು ಸಹಜವೇ ಆಗಿದೆ. ಯುದ್ಧವು ಮುಗಿದ ಬಳಿಕ, ೧೯೪೭ರಲ್ಲಿ, ಅಮೆರಿಕಾಕ್ಕೂ ಫಿಲಿಪ್ಪೀನ್ಸಿಗೂ ನಡೆದ ಒಪ್ಪಂದದ ಮೇರೆಗೆ ಸಾವಿರಾರು ಮಂದಿ ಫಿಲಿಪ್ಪೀನರು ಇಲ್ಲಿಗೆ ಬಂದು ದುಡಿದರು. ಅಗಾಟ್ ಎಂಬಲ್ಲಿದ್ದ ಕ್ಯಾಂಪ್ ರೋಹಾಸ್ ಎಂಬ ಕೆಲಸಗಾರರ ವಸತಿಯು ಆ ಕಾಲದ ಸ್ಮಾರಕವು. ಹೊರಗಿನಿಂದ ಕೆಲಸಗಾರರನ್ನು ಕರೆಯಿಸುವ ಪದ್ಧತಿಯು ಅಂದಿನಿಂದ ಮುಂದುವರಿದು ಬಂದಿದೆ. ಅದರೊಡನೆ ಒಂದು ಪ್ರಶ್ನೆಯೂ ಬಂದಿದೆ: ಹೊರಗಿನವರನ್ನು ಕರೆಯುವ ಮುನ್ನ ಒಳಗಿನವರನ್ನು ನಿಜವಾಗಿ ಕರೆಯಲಾಯಿತೇ?

೨೦೦೬ರಲ್ಲಿ ಜಪಾನಿನ ಓಕಿನಾವಾದಿಂದ ಸುಮಾರು ೮,೦೦೦ ನೌಕಾಪದಾತಿಗಳನ್ನು ಗ್ವಾಂಗೆ ವರ್ಗಾಯಿಸತಕ್ಕದ್ದೆಂದು ಉಭಯ ಸರಕಾರಗಳೂ ಒಪ್ಪಿದುವು. ೨೦೧೨ರಲ್ಲಿ ಈ ಸಂಖ್ಯೆಯು ಸುಮಾರು ೫,೦೦೦ಕ್ಕೆ ಇಳಿಯಿತು. ಈ ವರ್ಗಾವಣೆಗೆ ಬೇಕಾದ ಕಟ್ಟಡಗಳ ವಿಷಯದಲ್ಲಿ ಅಮೆರಿಕಾದ ಕಾಂಗ್ರೆಸ್ಸು ೨೦೦೯ರ ಅಕ್ಟೋಬರಿನಲ್ಲಿ ಅಂಗೀಕೃತವಾದ ರಕ್ಷಣಾ ಕಾಯಿದೆಯ ಮೂಲಕ ಗುತ್ತಿಗೆದಾರರಿಗೆ ಕೆಲವು ಕಟ್ಟಳೆಗಳನ್ನು ವಿಧಿಸಿತು. ಮೊದಲನೆಯದಾಗಿ, ಗುತ್ತಿಗೆದಾರನು ಗ್ವಾಂ, ಉತ್ತರ ಮರಿಯಾನಾ ಮೊದಲಾದ ಪ್ರಾಂತಗಳನ್ನೂ ಸೇರಿಸಿ ಅಮೆರಿಕಾದ ಸಮಸ್ತ ಪ್ರದೇಶಗಳಲ್ಲಿಯೂ, ಕಾರ್ಮಿಕ ಇಲಾಖೆಯು ಗೊತ್ತುಪಡಿಸಿದ ಯೋಜನೆಯ ಪ್ರಕಾರ, ಕೆಲಸಗಾರರಿಗಾಗಿ ಪ್ರಕಟನೆ ಹೊರಡಿಸಬೇಕು. ಎರಡನೆಯದಾಗಿ, ಕೂಲಿಯ ದರವನ್ನೂ ಕೆಲಸದ ಷರತ್ತುಗಳನ್ನೂ ವಿವರಿಸುವ ಪತ್ರದ ಪ್ರತಿಯನ್ನು ಕೆಲಸವು ಆರಂಭವಾಗುವುದಕ್ಕೆ ೬೦ ದಿನಗಳಾದರೂ ಮುಂಚಿತವಾಗಿ ಆ ಇಲಾಖೆಗೆ ಒಪ್ಪಿಸಬೇಕು. ಮೂರನೆಯದಾಗಿ, ಹೊರದೇಶದವರಿಗೆ ತಾತ್ಕಾಲಿಕವಾಗಿ ದೊರೆಯುವ ಎಚ್-೨ಬಿ ಎಂಬ ರಹದಾರಿಯಿಂದ ಬರುವವರನ್ನು ನಿಯಮಿಸಿಕೊಳ್ಳಬೇಕಾದರೆ ಗ್ವಾಂ ರಾಜ್ಯಪಾಲರ ಪ್ರಮಾಣಪತ್ರವು ಅವಶ್ಯಕವು. ಮುಖ್ಯಭೂಮಿಯಲ್ಲಿ ಇಂತಹ ಪ್ರಮಾಣಪತ್ರವನ್ನು ಕೊಡತಕ್ಕದ್ದು ಕಾರ್ಮಿಕ ಇಲಾಖೆ. ಗ್ವಾಂನಲ್ಲಿ ಆ ಅಧಿಕಾರವು ರಾಜ್ಯಪಾಲರದು.

ಪ್ರಮಾಣಪತ್ರದ ಮಾತುಗಳು ಗಮನಾರ್ಹವಾಗಿವೆ. ಆ ಕೆಲಸಕ್ಕೆ ಸಮರ್ಥರೂ, ಇಚ್ಛೆಯುಳ್ಳವರೂ, ಅರ್ಹರೂ, ಬೇಕಾದ ಕಾಲದಲ್ಲಿಯೂ ಸ್ಥಳದಲ್ಲಿಯೂ ದೊರೆಯತಕ್ಕವರೂ ಆದ ದೇಶೀಯ ಕೆಲಸಗಾರರು ಸಾಕಾದಷ್ಟು ಇಲ್ಲವೆಂದೂ, ಹೊರಗಿನವರ ನೇಮಕದಿಂದ ದೇಶೀಯರ ಕೂಲಿಗೂ ಕೆಲಸದ ಸ್ಥಿತಿಗೂ ಹಾನಿಯಿಲ್ಲವೆಂದೂ ಅದು ಹೇಳಬೇಕು. ಈ ನಾಲ್ಕು ವಿಶೇಷಣಗಳಲ್ಲಿ ಒಂದೊಂದರ ಹಿಂದೆಯೂ ಒಂದೊಂದು ವ್ಯಾಜ್ಯವಿದೆ. ‘ಇಚ್ಛೆ’ ಎಂಬುದು ಕೂಲಿಯ ದರವನ್ನು ಅವಲಂಬಿಸುವುದು. ದರವನ್ನು ತಗ್ಗಿಸಿದರೆ ಇಚ್ಛೆಯುಳ್ಳವರು ತಾವಾಗಿಯೇ ಇಲ್ಲವಾಗುವರು. ‘ಸ್ಥಳ’ವೆಂಬುದು ದೂರವನ್ನು ಅವಲಂಬಿಸುವುದು, ಗ್ವಾಂನಿಂದ ಹೊನೊಲುಲು ಸುಮಾರು ೬,೦೦೦ ಕಿಲೋಮೀಟರು, ಮನಿಲಾ ಸುಮಾರು ೨,೫೦೦ ಕಿಲೋಮೀಟರು ಮಾತ್ರ. ‘ಅರ್ಹತೆ’ಯನ್ನು ಬೇಕೆಂದೇ ಬಿಗಿಮಾಡಿದರೆ ಸಮರ್ಥನಾದ ಬಡಗಿಯೂ ಅನರ್ಹನಾಗುವನು.

ಹೀಗೆ ಗುತ್ತಿಗೆದಾರನು ಸಿದ್ಧಪಡಿಸಬೇಕಾದದ್ದು ಒಂದು ಅಭಾವವನ್ನು. ಅಭಾವವನ್ನು ತಿಳಿಯುವ ಬಗೆಯನ್ನು ಭಾರತೀಯ ದಾರ್ಶನಿಕರು ಬಹುಕಾಲ ಚರ್ಚಿಸಿದ್ದಾರೆ. ಕುಮಾರಿಲಭಟ್ಟನ ಅನುಯಾಯಿಗಳೂ ಅದ್ವೈತಿಗಳೂ ‘ಅನುಪಲಬ್ಧಿ’ಯನ್ನು ಪ್ರತ್ಯೇಕ ಪ್ರಮಾಣವಾಗಿ ಒಪ್ಪಿದರು, ಆದರೆ ಕಾಣದಿರುವುದು ಮಾತ್ರವೇ ಸಾಲದು, ವಸ್ತುವು ಇದ್ದಿದ್ದರೆ ಕಾಣಲೇಬೇಕಾದ ಸನ್ನಿವೇಶವಿರಬೇಕೆಂದರು. ಕತ್ತಲೆಯ ಕೋಣೆಯಲ್ಲಿ ಗಡಿಗೆಯು ಕಾಣಲಿಲ್ಲವೆಂಬುದರಿಂದ ಅಲ್ಲಿ ಗಡಿಗೆಯಿಲ್ಲವೆಂದು ನಿಶ್ಚಯಿಸಲಾಗದು. ನೇಮಕದ ವರದಿಯ ಉದ್ದೇಶವೂ ದೀಪ ಹಚ್ಚಿ ಹುಡುಕಿದುದಕ್ಕೆ ಸಾಕ್ಷ್ಯವನ್ನು ಒದಗಿಸುವುದೇ. ಪ್ರಕಟನೆಯು ತಲಪದ ಕಡೆ ಅರ್ಜಿಗಳು ಬಾರದಿದ್ದರೆ ಅದರಿಂದ ಏನೂ ಸಿದ್ಧವಾಗದು.

ಈ ಕಾರಣದಿಂದಲೇ ವರದಿಯಲ್ಲಿ ಸಂಖ್ಯೆಯೊಂದೇ ಸಾಕಾಗದು. ಎಚ್-೨ಬಿ ವ್ಯವಸ್ಥೆಗಾಗಿ ಮುಖ್ಯಭೂಮಿಯಲ್ಲಿ ೨೦೧೫ರಲ್ಲಿ ಬಂದ ನಿಬಂಧನೆಗಳಂತೆ ಯಾವ ಯಾವ ಪ್ರಕಟನೆ ಹೊರಟಿತು, ಯಾರು ಯಾರು ಅರ್ಜಿ ಹಾಕಿದರು, ಅವರಲ್ಲಿ ಪ್ರತಿಯೊಬ್ಬರ ಗತಿ ಏನಾಯಿತು, ನಿರಾಕರಿಸಿದಲ್ಲಿ ಕೆಲಸಕ್ಕೆ ಸಂಬಂಧಿಸಿದ ನ್ಯಾಯವಾದ ಕಾರಣವೇನು ಎಂಬುದನ್ನೆಲ್ಲ ಬರೆಯತಕ್ಕದ್ದು; ದಾಖಲೆಗಳನ್ನು ೩ ವರ್ಷ ಕಾಪಾಡತಕ್ಕದ್ದು. ವರದಿಯನ್ನು ಬರೆಯುವವನು ಫಲದಲ್ಲಿ ಸ್ವಾರ್ಥವುಳ್ಳ ಗುತ್ತಿಗೆದಾರನೇ ಆದುದರಿಂದ, ಅವನ ಮಾತನ್ನು ಪರೀಕ್ಷಿಸಲು ಅರ್ಜಿದಾರನ ಹೆಸರೇ ಆಧಾರವು. ಹೆಸರಿದ್ದರೆ ಆ ಬಡಗಿಯನ್ನು ವಿಚಾರಿಸಬಹುದು, ಅಂಕೆಯನ್ನು ವಿಚಾರಿಸಲಾಗದು.

ಈ ಪರೀಕ್ಷೆಯ ಜತೆಗೆ ಮತ್ತೊಂದು ಪರೀಕ್ಷೆಯೂ ಇದೆ: ಕೆಲಸವು ತಾತ್ಕಾಲಿಕವಾಗಿರಬೇಕು. ೨೦೧೫ರ ಕೊನೆಯಿಂದ ವಲಸೆಯ ಅಧಿಕಾರಿಗಳು ಗ್ವಾಂನ ಅರ್ಜಿಗಳನ್ನು ಈ ಕಾರಣದ ಮೇಲೆ ಹೆಚ್ಚಾಗಿ ತಿರಸ್ಕರಿಸತೊಡಗಿದರು. ವ್ಯಾಜ್ಯವು ೨೦೧೬ರಲ್ಲಿ ನ್ಯಾಯಾಲಯವನ್ನು ಮುಟ್ಟಿತು. ೨೦೧೭ರ ಡಿಸೆಂಬರಿನ ರಕ್ಷಣಾ ಕಾಯಿದೆಯು ಸೈನಿಕ ವರ್ಗಾವಣೆಗೆ ಸಂಬಂಧಿಸಿದ ಕೆಲಸಗಳಿಗೆ ಈ ಷರತ್ತನ್ನು ೪,೦೦೦ ಜನರ ಮಿತಿಯೊಳಗೆ ಸಡಿಲಿಸಿತು. ಸಡಿಲವಾದದ್ದು ತಾತ್ಕಾಲಿಕತೆಯ ಷರತ್ತೇ ಹೊರತು ದೇಶೀಯರನ್ನು ಮೊದಲು ಹುಡುಕಬೇಕೆಂಬ ಕಟ್ಟಳೆಯಲ್ಲ.

೨೦೨೦ರ ಅಕ್ಟೋಬರಿನಲ್ಲಿ ಕ್ಯಾಂಪ್ ಬ್ಲಾಸ್ ಎಂಬ ಹೊಸ ನೆಲೆಯು ಸ್ಥಾಪಿತವಾಯಿತು. ೨೦೨೪ರ ಡಿಸೆಂಬರಿನಲ್ಲಿ ಓಕಿನಾವಾದಿಂದ ಸುಮಾರು ೧೦೦ ಮಂದಿಯ ಮೊದಲ ತಂಡವು ಹೊರಟು ಬಂದಿತು. ಆ ಗೋಡೆಗಳನ್ನು ಎತ್ತಿದವರಲ್ಲಿ ಫಿಲಿಪ್ಪೀನ್ಸಿನವರು ಅನೇಕರು. ಅವರ ವಾಸದ ಅನುಮತಿಯು ಕೆಲಸ ಕೊಟ್ಟವನಿಗೆ ಕಟ್ಟುಬಿದ್ದಿರುವುದರಿಂದ ಕೂಲಿ ಕಡಮೆಯೆಂದು ಅವರು ಬೇರೆಡೆಗೆ ಹೋಗುವುದು ಸುಲಭವಲ್ಲ. ಆದುದರಿಂದ ಪ್ರಾಮಾಣಿಕವಾದ ವರದಿಯು ದ್ವೀಪದವನ ಕೆಲಸವನ್ನು ಮಾತ್ರವಲ್ಲದೆ ಹೊರಗಿನವನ ಕೂಲಿಯನ್ನೂ ರಕ್ಷಿಸುವುದು. ಹುಸಿಯಾದ ವರದಿಯಿಂದ ಇಬ್ಬರೂ ಏಕಕಾಲದಲ್ಲಿ ನಷ್ಟವನ್ನು ಹೊಂದುವರು.