ಸಂಪಾಜೆಯಿಂದ ಮಡಿಕೇರಿಗೆ

ಅಕ್ಕಾ, ಸಂಪಾಜೆಯಲ್ಲಿ ಮಡಿಕೇರಿ ಬಸ್ಸು ಹತ್ತೋಣ ಬನ್ನಿ. ಕಿಟಕಿ ಪಕ್ಕ ಕೂತುಕೊಳ್ಳಿ. ಸುಮಾರು 30 ಕಿಲೋಮೀಟರ್ ಘಾಟಿ ದಾರಿ.

ಸಂಪಾಜೆ ಎಂಬ ಊರು ಎರಡು ಉಂಟು. ಒಂದು ದಕ್ಷಿಣ ಕನ್ನಡದ್ದು, ಇನ್ನೊಂದು ಕೊಡಗಿನದ್ದು. ನಡುವೆ ಜಿಲ್ಲೆಯ ಗಡಿ. ಆದರೆ ಆಚೆಯೂ ಅರೆಭಾಷೆ ಕೇಳುತ್ತದೆ, ಈಚೆಯೂ ಕೇಳುತ್ತದೆ. 1834ರವರೆಗೆ ಸುಳ್ಯದ ಸೀಮೆಯೂ ಕೊಡಗಿನ ರಾಜರದ್ದೇ ಆಗಿತ್ತು. ಕೊಡಗನ್ನು ಹಿಡಿದ ಬ್ರಿಟಿಷರು ಅದನ್ನು ಕೆನರಾ ಜಿಲ್ಲೆಗೆ ಸೇರಿಸಿದರು.

ಬಸ್ಸು ಹೊರಟಿತು. ಪಕ್ಕದಲ್ಲಿ ಕಾಣುವುದು ಪಯಸ್ವಿನಿ ಹೊಳೆ. ಇದೇ ಹೊಳೆ ಮುಂದೆ ಚಂದ್ರಗಿರಿ ಎನಿಸಿಕೊಂಡು ಕಾಸರಗೋಡಿನಲ್ಲಿ ಕಡಲು ಸೇರುತ್ತದೆ. ಅಡಿಕೆ, ರಬ್ಬರ್ ತೋಟಗಳು ಹಿಂದೆ ಸರಿಯುತ್ತವೆ. ಬೋರ್ಡು ಓದುತ್ತಾ ಹೋಗಿ: ಕೊಯನಾಡು, ಜೋಡುಪಾಲ, ಮದೆನಾಡು. ತಿರುವಿನ ಮೇಲೆ ತಿರುವು. ಮಳೆಗಾಲದಲ್ಲಿ ಬಂಡೆ ಬಂಡೆಯಲ್ಲೂ ಬಿಳಿ ನೀರು ಇಳಿಯುತ್ತದೆ. ಕಡಲಿನಿಂದ ಬಂದ ಮೋಡ ಈ ಗುಡ್ಡಗಳಿಗೆ ತಾಗಿ ಸುರಿಯುತ್ತದೆ. ಅದಕ್ಕೇ ಇಷ್ಟು ಹಸಿರು.

ಈ ಚಂದದ ಒಳಗೇ ಅಪಾಯವೂ ಉಂಟು. 2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ ಗುಡ್ಡ ಜರಿಯಿತು. ಮನೆಗಳು ಕೊಚ್ಚಿ ಹೋದವು, ಜನ ಸತ್ತರು. ರಸ್ತೆ ಹಲವು ದಿನ ಬಂದಾಯಿತು. ಉಟ್ಟ ಬಟ್ಟೆಯಲ್ಲೇ ಇಳಿದು ಬಂದವರು ಸಂಪಾಜೆ, ಅರಂತೋಡು ಕಡೆಯ ಶಿಬಿರಗಳಲ್ಲಿ ಉಳಿದರು.

ಗುಡ್ಡ ಯಾಕೆ ಜರಿಯುತ್ತದೆ? ಅಡಿಯಲ್ಲಿ ಬಂಡೆ, ಮೇಲೆ ದಪ್ಪ ಮಣ್ಣು. ದಿನಗಟ್ಟಲೆ ಮಳೆ ಬಂದರೆ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಸಡಿಲವಾಗುತ್ತದೆ. ರಸ್ತೆಗೋ ಮನೆಗೋ ಗುಡ್ಡದ ಬುಡ ಕಡಿದಿದ್ದರೆ ತಡೆಯುವವರು ಯಾರು? ಮೇಲಿನದ್ದು ಒಮ್ಮೆಗೇ ಕೆಳಗೆ ಬರುತ್ತದೆ. ಮನೆ ಹಿಂದೆ ನೆಟ್ಟಗೆ ಕಡಿದ ಬರೆ ನಮ್ಮಲ್ಲಿ ಎಷ್ಟು ಮಂದಿಗಿಲ್ಲ ಹೇಳಿ! ಕಣಿಯಲ್ಲಿ ತರಗೆಲೆ ತುಂಬಿದರೆ ನೀರೆಲ್ಲ ಬರೆಗೇ ಇಳಿಯುತ್ತದೆ. ಮಳೆಗೆ ಮೊದಲೇ ಕಣಿ ಬಿಡಿಸಬೇಕು.

ಕೆಲವು ಗುರುತುಗಳನ್ನು ಹೆಂಗಸರೇ ಮೊದಲು ಕಾಣುತ್ತಾರೆ. ಸೊಪ್ಪಿಗೆ, ಸೌದೆಗೆ ಗುಡ್ಡ ಹತ್ತುವವರು ನಾವೇ ಅಲ್ಲವಾ. ನೆಲದಲ್ಲಿ ಹೊಸ ಬಿರುಕು ಬಿಟ್ಟಿದೆಯಾ? ನೆಟ್ಟಗಿದ್ದ ಮರ ವಾಲಿದೆಯಾ? ಇಲ್ಲದ ಕಡೆ ಕೆಸರು ನೀರಿನ ಒರತೆ ಎದ್ದಿದೆಯಾ? ಜೋರು ಮಳೆಯಲ್ಲೂ ತೋಡಿನ ನೀರು ತಟ್ಟನೆ ಕಡಿಮೆಯಾಯಿತಾ? ಹಾಗಾದರೆ ಮೇಲೆ ಎಲ್ಲೋ ಮಣ್ಣು ಬಿದ್ದು ನೀರು ಕಟ್ಟಿಕೊಂಡಿರಬಹುದು. ಆಗ ಪಾತ್ರೆ, ಪೆಟ್ಟಿಗೆ ನೋಡುತ್ತಾ ಕೂರಬಾರದು. ಮಕ್ಕಳನ್ನೂ ಮುದುಕರನ್ನೂ ಕರೆದುಕೊಂಡು ಬರೆಯಿಂದ, ತೋಡಿನಿಂದ ದೂರ ಹೋಗಬೇಕು. ನೆರೆಮನೆಯವರನ್ನು ಕೂಗಬೇಕು. 112ಕ್ಕೆ ಫೋನ್ ಮಾಡಬೇಕು.

ಬಸ್ಸು ಮದೆನಾಡು ದಾಟಿತು. ಈಗ ಕಾಫಿ ತೋಟ, ಮಂಜು, ತಣ್ಣನೆ ಗಾಳಿ. ಮಡಿಕೇರಿ ಇರುವುದು ಕಡಲಿಗಿಂತ ಸುಮಾರು 3800 ಅಡಿ ಎತ್ತರದಲ್ಲಿ. ಸೆರಗು ಹೊದ್ದುಕೊಳ್ಳಿ, ಇಳಿಯುವ ಸ್ಟ್ಯಾಂಡು ಬಂತು.